ಗಾಲಿ ತೂಗುವ ಹಗ್ಗಕ್ಕೆ ನನ್ನನ್ನು ತೂಗಿದ ದಿನ

ಒಂಬತ್ತು ವರ್ಷ ತುಂಬುವವರೆಗೆ ನಾನು ಮನುಷ್ಯರನ್ನು ಕೆಳಗಿನಿಂದಲೇ ಬಲ್ಲವಳಾಗಿದ್ದೆ. ಯಾರ ಹಿಮ್ಮಡಿ ಒಡೆದಿದೆ, ಯಾರ ಚಪ್ಪಲಿಯ ಬಾರು ಹರಿದಿದೆ, ಯಾರ ಧೋತರದ ಅಂಚಿಗೆ ಎರೆಮಣ್ಣು ಹತ್ತಿದೆ ಎಂಬುದು ಅವರ ಮುಖಕ್ಕಿಂತ ಮೊದಲು ನನಗೆ ತಿಳಿಯುತ್ತಿತ್ತು. ಎರಡನೆಯ ವರ್ಷದಲ್ಲಿ ಬಂದ ಜ್ವರವೊಂದು ನನ್ನ ಕಾಲುಗಳ ಕಸುವನ್ನು ಕೊಂಡುಹೋಗಿತ್ತು. ಬಲಗಾಲು ಪೂರ್ತಿ ಸೋತಿತ್ತು. ಎಡಗಾಲಿನ ಮಂಡಿಯನ್ನು ಕೈಯಿಂದ ಹಿಂದಕ್ಕೆ ಒತ್ತಿ ನೆಟ್ಟಗೆ ಮಾಡಿದರೆ ಹತ್ತು ಎಣಿಸುವಷ್ಟು ಹೊತ್ತು ಅದು ಮೈಭಾರ ತಡೆಯುತ್ತಿತ್ತು, ಹನ್ನೊಂದಕ್ಕೆ ಮಡಚಿಕೊಳ್ಳುತ್ತಿತ್ತು. ಮನೆಯೊಳಗೆ ಅಂಗೈ ಊರಿ, ಕುಳಿತ ಮೈಯನ್ನು ಮುಂದಕ್ಕೆ ಎತ್ತಿಹಾಕುತ್ತ ತಿರುಗುತ್ತಿದ್ದೆ. ಹೊರಗೆ ಹೋಗಬೇಕಾದರೆ ಆಯಿ, ಅಂದರೆ ನನ್ನ ತಂದೆಯ ತಾಯಿ, ಕಂಬಳಿಯನ್ನು ಜೋಳಿಗೆ ಮಾಡಿ ನನ್ನನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳು. ತಂದೆ ತಾಯಿ ವರ್ಷದ ಹೆಚ್ಚಿನ ಭಾಗ ಕುರಿಹಿಂಡಿನೊಂದಿಗೆ ಕೃಷ್ಣೆಯ ದಂಡೆಯ ಕಡೆಗೆ ಇರುತ್ತಿದ್ದರು. ಹಿಂಡು ಹೊರಟಾಗ ಆಗತಾನೆ ಹುಟ್ಟಿದ ಮರಿಗಳನ್ನು ಕುದುರೆಯ ಎರಡೂ ಮಗ್ಗುಲಿಗೆ ಜಾಳಿಗೆಯಲ್ಲಿ ಇಳಿಬಿಡುತ್ತಾರೆ. ಐದು ವರ್ಷದವರೆಗೆ ನಾನೂ ಹಾಗೆಯೇ ಪಯಣಿಸಿದೆ. ಆಮೇಲೆ ಎದುರು ಮಗ್ಗುಲಿಗೆ ಎಷ್ಟು ಮರಿ ತುಂಬಿದರೂ ನನ್ನ ತೂಕಕ್ಕೆ ಸರಿಹೋಗದೆ, ಆಯಿಯ ಬಳಿ ಉಳಿದೆ.

ನನಗೆ ಆದ ಅವಮಾನಗಳಲ್ಲಿ ಒಂದನ್ನೂ ನಾನು ಮರೆತಿಲ್ಲ. ಮರೆತುಬಿಡು ಎಂದು ಬುದ್ಧಿ ಹೇಳಿದವರನ್ನೂ ಮರೆತಿಲ್ಲ. ಮದುವೆಯ ಮನೆಯಲ್ಲಿ ಕುಳಿತ ನನ್ನನ್ನು ದಾಟಿಕೊಂಡು ಹೋದವಳು ಯಾರು, ನನ್ನೆದುರಿಗೇ "ಇದರ ಪಾಡು ಮುಂದ ಹ್ಯಾಂಗ?" ಎಂದು ಆಯಿಯನ್ನು ಕೇಳಿದವಳು ಯಾರು, ಅಂದು ಅವಳು ಉಟ್ಟ ಸೀರೆಯ ಬಣ್ಣ ಯಾವುದು, ಎಲ್ಲವೂ ಕಣ್ಣ ಮುಂದಿದೆ. ಆದರೆ ಈ ಬರಹ ಆ ಪಟ್ಟಿಗಾಗಿ ಅಲ್ಲ. ಅವುಗಳಲ್ಲಿ ಒಂದೇ ಒಂದು ಅವಮಾನ ನನ್ನನ್ನು ನೆಲದಿಂದ ಮೇಲೆತ್ತಿತು. ಅದನ್ನು ನೆನೆದರೆ ಮೊದಲು ಸಿಟ್ಟು ಬರುತ್ತದೆ. ಸಿಟ್ಟು ಮುಗಿಯುವ ಮುನ್ನವೇ ಮೈ ಜುಮ್ಮೆನ್ನುತ್ತದೆ.

ನಮ್ಮೂರು ಶಹಾಪುರ ಕಡೆಯ ಸಗರದಿಂದ ದೂರವಿಲ್ಲ. ಹೆಸರು ಬರೆದರೆ ಅಲ್ಲಿನವರು ಯಾರು ಯಾರೆಂದು ಇಂದಿಗೂ ಗುರುತಿಸಿಯಾರು, ಆದ್ದರಿಂದ ಬೇಡ. ಹೈದರಾಬಾದಿಗೆ ಹೋಗುತ್ತಿದ್ದ ಅರ್ಜಿಗಳು ಬೆಂಗಳೂರಿಗೆ ಹೋಗತೊಡಗಿದ್ದ ಹೊಸತು. ಕನ್ನಡ ಮಾತಾಡುವವರೆಲ್ಲ ಒಂದೇ ರಾಜ್ಯದವರಾದೆವೆಂದು ಊರಿನ ಚಾವಡಿಯಲ್ಲಿ ಓದಿ ಹೇಳಿದ್ದರು. ಜಾಗೀರು ಹೋಗಿ ಖಾಲಿ ಬಿದ್ದಿದ್ದ ಹಳೆಯ ಕಚೇರಿ ಶಾಲೆಯಾಯಿತು. ಉರ್ದು ಬರೆದಿದ್ದ ಹಲಗೆಗೆ ಸುಣ್ಣ ಬಳಿದು ಮೇಲೆ ಕನ್ನಡ ಬರೆದರು. ಬಿಸಿಲಿಗೆ ಸುಣ್ಣ ತೆಳುವಾದಾಗ ಎರಡೂ ಕಾಣುತ್ತಿದ್ದವು. ಮೈಸೂರು ಸೀಮೆಯಿಂದ ರೈಲಿನಲ್ಲಿ ಯಾದಗಿರಿಗೆ ಬಂದಿಳಿದು, ಅಲ್ಲಿಂದ ಶಹಾಪುರ, ಶಹಾಪುರದಿಂದ ಎತ್ತಿನ ಬಂಡಿಯಲ್ಲಿ ಒಬ್ಬ ಹೆಡ್‌ಮಾಸ್ತರರು ಬಂದರು. ಕರಿಯ ಟೋಪಿ, ಒಗೆದು ಮಡಿಚಿದ ಕೋಟು. ನಮ್ಮವರ ಮಾತು ಅವರಿಗೆ ಜಗಳದಂತೆ ಕೇಳುತ್ತಿತ್ತು. ಅವರ ಮಾತು ನಮ್ಮವರಿಗೆ ಹಾಡಿನಂತೆ ಕೇಳುತ್ತಿತ್ತು. ಅವರು ಬೈದರೂ ಜನ ಕೈಕಟ್ಟಿ ಆಲಿಸುತ್ತಿದ್ದರು.

ಆ ಕಚೇರಿಗೆ ಏಳು ಮೆಟ್ಟಿಲು. ಅಗಲವಾದ, ಎತ್ತರವಾದ ಕಲ್ಲಿನ ಮೆಟ್ಟಿಲು. ಅಹವಾಲು ತಂದ ರೈತ ಬಾಯಿ ತೆರೆಯುವ ಮೊದಲೇ ಏದುಸಿರು ಬಿಡಲೆಂದು ಹಾಗೆ ಕಟ್ಟಿಸಿದ್ದಾರೆ ಎಂದು ಆಯಿ ಹೇಳುತ್ತಿದ್ದಳು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಆಯಿ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಆ ಮೆಟ್ಟಿಲ ಬುಡಕ್ಕೆ ಹೋದಳು. ಹೆಡ್‌ಮಾಸ್ತರರು ಮೇಲೆ, ಬಾಗಿಲಲ್ಲಿ ನಿಂತಿದ್ದರು.

"ಏನಮ್ಮ ಇದು, ಕುರಿಮರಿ ಹೊತ್ಕೊಂಡು ಬಂದ ಹಾಗೆ ಬಂದಿದೀರಿ?"

"ಮರೀನೇ ರೀ ಸಾಹೇಬ್ರ. ನನ್ನ ಮರಿ. ಹೆಸರು ಬರಕೋರಿ."

"ನಡೆಯೋಕೆ ಬರುತ್ತಾ?"

"ನಡಿಯಾಕ ಬರಂಗಿಲ್ರಿ. ಎಣಸಾಕ ಬರ್ತದ. ಹಿಂಡ ಬಿಟ್ಟರ ಒಂದ ಕುರಿ ತಪ್ಪಲಾರದಂಗ ಎಣಸ್ತಾಳ."

"ಶಾಲೆ ಅಂದ್ರೆ ದಿನಾ ಹೊತ್ತು ತಂದು ಇಳಿಸೋ ಜಾಗ ಅಲ್ಲಮ್ಮ. ನಾಳೆ ಬಿದ್ದು ಏನಾದ್ರೂ ಆದ್ರೆ ಯಾರು ಹೊಣೆ? ಈ ಏಳು ಮೆಟ್ಟಿಲು ತಾನಾಗಿ ಹತ್ತಿ ಬರಲಿ, ಆ ಕ್ಷಣವೇ ಹೆಸರು ಬರೀತೀನಿ. ಶ್ರಾವಣ ಮುಗಿಯೋ ತನಕ ಪಟ್ಟಿ ತೆರೆದಿರುತ್ತೆ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತೆ, ಒಂದನೇ ಕ್ಲಾಸಿಗೆ ತಗೊಳ್ಳೋಕಾಗಲ್ಲ."

ಆ ಇಡೀ ಮಾತುಕತೆಯಲ್ಲಿ ಅವರು ನನ್ನನ್ನು ಒಮ್ಮೆಯೂ ನೋಡಲಿಲ್ಲ. ನನ್ನ ತಲೆ ಆಯಿಯ ಭುಜದ ಮೇಲೇ ಇತ್ತು. ನೋಡಬೇಕೆಂದಿದ್ದರೆ ಕಣ್ಣನ್ನು ಒಂದು ಬೆರಳಿನಷ್ಟು ಸರಿಸಿದರೆ ಸಾಕಿತ್ತು. ಹಿಂದೆ ನಿಂತ ಹುಡುಗರು "ಬ್ಯಾ" ಎಂದು ಕೂಗಿದರು. ಅವರಲ್ಲಿ ಮೂವರ ದನಿ ನನಗೆ ಗೊತ್ತಿತ್ತು.

ಆಯಿ ಮೆಟ್ಟಿಲಿಗೆ ಬೆನ್ನು ಮಾಡಿದಳು. ಮನೆಯ ದಾರಿ ಹಿಡಿಯಲಿಲ್ಲ. ನೇರವಾಗಿ ಬಡಿಗೇರ ಕಾಕಾನ ಕೊಟ್ಟಿಗೆಗೆ ನಡೆದಳು.

ಕಾಕಾ ಬಂಡಿ ಕಟ್ಟುವವರು. ಸುರಪುರದ ಗುಡ್ಡದ ಬುಡದಲ್ಲಿ ಗಾಲಿ ಮಾಡುತ್ತಿದ್ದ ಮನೆತನ; ಅವರ ತಂದೆಯ ಕಾಲಕ್ಕೆ ನಮ್ಮೂರಿಗೆ ಬಂದಿದ್ದರು. ಅವರ ಕೆಲಸದ ರೀತಿಯೊಂದನ್ನು ಹೇಳಬೇಕು. ಅವರಲ್ಲಿ ಅಳತೆಪಟ್ಟಿ ಇರಲಿಲ್ಲ. ಯಾರದೇ ಬಂಡಿಯಾಗಲಿ, ಅದರ ಅಳತೆಯೆಲ್ಲ ಒಂದು ದಾರದಲ್ಲಿ ಗಂಟುಗಳಾಗಿ ಇರುತ್ತಿತ್ತು. ಕೊಟ್ಟಿಗೆಯ ಗೋಡೆಗೆ ಸಾಲಾಗಿ ಗೂಟ, ಗೂಟಕ್ಕೊಂದು ದಾರ. ಇದು ಗೌಡರ ಬಂಡಿ, ಇದು ಎಣ್ಣೆಯವರದು ಎಂದು ಕತ್ತಲೆಯಲ್ಲೂ ಬೆರಳಿನಿಂದ ಸವರಿ ಹೇಳುತ್ತಿದ್ದರು. ಗಾಲಿ ಕಟ್ಟಿ ಮುಗಿದ ಮೇಲೆ ಅದನ್ನು ಅಂಗಳದ ಬೇವಿನ ಟೊಂಗೆಗೆ ಹಗ್ಗದಿಂದ ತೂಗಿಬಿಟ್ಟು, ಒಂದೇ ಬೆರಳಿನಿಂದ ತಿರುವಿ, ಭಾರ ಯಾವ ಮಗ್ಗುಲಿಗೆ ಎಳೆಯುತ್ತದೆಂದು ನೋಡುತ್ತಿದ್ದರು.

"ತಮ್ಮಾ, ಕಂಕುಳಾಗ ಇಟಗೊಳ್ಳಾಕ ಎರಡ ಕೋಲ ಬೇಕು ಈಕೀಗಿ," ಎಂದಳು ಆಯಿ. "ಏಳ ಪಾವಟಿಗಿ ಹತ್ತಬೇಕು. ಶ್ರಾವಣ ಮುಗಿಯೂದ್ರಾಗ."

"ನಿಂದರಸ್ರಿ, ಅಳತಿ ತಗೋತೀನಿ."

"ನಿಂದರಾಕ ಬರತಿದ್ರ ನಿನ್ನ ಕಡಿ ಯಾಕ ಬರತಿದ್ದೆ?"

"ಹಂಗಾದ್ರ ಮಲಗ..." ಎಂದವರು ಅಲ್ಲಿಗೇ ನಿಂತರು. ಕೈಯಲ್ಲಿದ್ದ ದಾರ ಕೆಳಗಿಟ್ಟರು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಚಟ್ಟ ಕಟ್ಟುವವರೂ ಅವರೇ. ಮಲಗಿದ ಮನುಷ್ಯನ ಉದ್ದಕ್ಕೆ ದಾರ ಹಿಡಿಯುವುದು ಆ ಒಂದು ಕೆಲಸಕ್ಕೆ ಮಾತ್ರ.

"ಮಲಗಿದವ್ರ ಅಳತಿ ಈ ಕೂಸಿಂದು ನಾ ತಗೊಳ್ಳಂಗಿಲ್ಲ, ದೊಡ್ಡವ್ವಾ," ಎಂದರು. ಆಮೇಲೆ ಆಯಿಯ ಮುಖ ಬಾಡಿದ್ದನ್ನು ಕಂಡು, ಅಂಗಾತ ಮಲಗಿದ ಮನುಷ್ಯನಂತೆಯೇ ಕಾಣುವ ದೂರದ ಶಹಾಪುರದ ಗುಡ್ಡದತ್ತ ಗದ್ದ ಎತ್ತಿ, "ಅಲ್ಲೊಬ್ಬಾಂವ ಯಾವಾಗಿಂದ ಅಂಗಾತ ಮಲಗ್ಯಾನ ನೋಡ್ರಿ. ಅಂವನ ಅಳತಿನೂ ಯಾರೂ ತಗೊಂಡಿಲ್ಲ. ತಗೊಂಡಿದ್ರ ಇಷ್ಟೊತ್ತಿಗಿ ಎತ್ತಿ ಒಯ್ತಿದ್ರು," ಎಂದರು.

ಆಯಿ ನಗಲಿಲ್ಲ. ನಾನು ನಕ್ಕೆ. ಆಗ ಅವರು ನನ್ನನ್ನು ನೋಡಿದರು. ಮರವನ್ನು ನೋಡುವ ಹಾಗೆ ನೋಡಿದರು: ಭುಜ, ತೋಳು, ಮಣಿಕಟ್ಟು, ನೆಲ ಊರಿ ಊರಿ ಗಟ್ಟಿಯಾದ ಅಂಗೈ. ಅದುವರೆಗೆ ಎಲ್ಲರೂ ನನ್ನ ಕಾಲುಗಳನ್ನೇ ನೋಡುತ್ತಿದ್ದರು. ನನ್ನಲ್ಲಿ ಗಟ್ಟಿ ಏನಿದೆ ಎಂದು ನೋಡಿದ ಮೊದಲ ಮನುಷ್ಯ ಅವರು.

ಬೇವಿನ ಟೊಂಗೆಗೆ ಗಾಲಿಯೊಂದು ತೂಗುತ್ತಿತ್ತು. ಅವರು ಎದ್ದು ಹೋಗಿ ಅದನ್ನು ಇಳಿಸಿ ಬದಿಗೆ ಒರಗಿಸಿದರು.

"ಗಾಲಿ ಆಗ್ತೀಯೇನ ಯವ್ವಾ?"

"ಆಗ್ತೀನಿ ಕಾಕಾ."

ಆಯಿಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಎರಡೂ ಕಂಕುಳ ಕೆಳಗೆ ಹಾಯಿಸಿ, ಹಗ್ಗಕ್ಕೆ ಬಿಗಿದರು. ಮತ್ತೊಂದು ತುದಿಯನ್ನು ಹಿಡಿದು ಮೆಲ್ಲನೆ ಎಳೆದರು.

ನಾನು ಮೇಲೆದ್ದೆ.

ಇದನ್ನು ಬರೆಯಲು ನನ್ನ ಬಳಿ ಸರಿಯಾದ ಮಾತಿಲ್ಲ. ಮೊದಲು ಅಂಗೈಗೆ ನೆಲ ಸಿಗದಾಯಿತು. ಆಮೇಲೆ ಕಾಲುಗಳು ತಾವಾಗಿಯೇ ಬಿಚ್ಚಿಕೊಂಡು ಕೆಳಗಿಳಿದವು. ಅವು ಅಷ್ಟು ಉದ್ದವಿವೆ ಎಂಬುದು ಅದುವರೆಗೆ ನನಗೇ ಗೊತ್ತಿರಲಿಲ್ಲ. ಕೊಟ್ಟಿಗೆಯ ಮಾಡು ಕೆಳಗೆ ಬಂತು. ಗೋಡೆಯ ಮೇಲಂಚು ಬಂತು; ಅದರ ಆಚೆಗೆ ಒಂದು ಹಿತ್ತಲು, ಹಿತ್ತಲಿನಾಚೆ ಹೊಲ, ಹೊಲದಾಚೆ ಮತ್ತೊಂದು ಹೊಲ. ಗೋಡೆಯ ಆಚೆಗೂ ಜಗತ್ತು ನಿಲ್ಲದೆ ಹೋಗುತ್ತದೆಂದು ಗೊತ್ತಿತ್ತು, ಆದರೆ ಎಲ್ಲರಂತೆ ನಿಂತ ಮೈಯಿಂದ ಅದನ್ನು ಕಂಡಿರಲಿಲ್ಲ. ಆಯಿ ಎದುರಿಗೆ ಬಂದು ನಿಂತಳು. ಅವಳ ಕಣ್ಣು ನನ್ನ ಕಣ್ಣಿಗೆ ನೇರವಾಗಿತ್ತು. ಅಷ್ಟು ವರ್ಷ ನಾನು ಅವಳ ಬೆನ್ನನ್ನು, ಕುತ್ತಿಗೆಯನ್ನು, ಕಿವಿಯ ಹಿಂಭಾಗವನ್ನು ಬಲ್ಲವಳು. ಅವಳ ಎಡಗಣ್ಣಿನಲ್ಲಿ ಕಂದು ಬಣ್ಣದ ಸಣ್ಣ ಚುಕ್ಕೆಯೊಂದಿದೆ ಎಂಬುದು ಅಂದು ತಿಳಿಯಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಷ್ಟ ಎತ್ತರ ಅದಾಳ ನೋಡೋ ತಮ್ಮಾ," ಎಂದಳು.

"ಮಾತಾಡಸಬ್ಯಾಡ್ರಿ, ತೂಗ್ತಾಳ," ಎಂದು ಕಾಕಾ ಗದರಿಸಿ, ಕಂಕುಳಿನಿಂದ ಕೆಳಕ್ಕೆ ದಾರ ಇಳಿಬಿಟ್ಟು, ಅಂಗೈ ಬರುವಲ್ಲಿ ಒಂದು ಗಂಟು, ಕೊನೆಗೆ ಒಂದು ಗಂಟು ಹಾಕಿದರು. ಆ ದಾರಕ್ಕೆ ಗೋಡೆಯಲ್ಲಿ ಹೊಸ ಗೂಟ ಹೊಡೆದರು. ಗೌಡರ ಬಂಡಿಯ ಪಕ್ಕದಲ್ಲೇ. ನಾನು ಬೆಳೆದಂತೆಲ್ಲ ಮುಂದೆ ಪ್ರತಿ ವರ್ಷ ನನ್ನನ್ನು ತೂಗಿ ಹೊಸ ಗಂಟು ಹಾಕಿದರು. ಈಚೆಗೆ ಒಂದು ಕಚೇರಿಯಲ್ಲಿ ಗಾಲಿಕುರ್ಚಿಯವರಿಗೆಂದು ಮಾಡಿದ ಇಳಿಜಾರನ್ನು ಕಂಡೆ. ಹೊಳೆಯುವ ಕಲ್ಲು, ಹೊಳೆಯುವ ಕಂಬಿ, ಗೋಡೆಗೆ ದೊಡ್ಡ ಫಲಕ. ಇಳಿಜಾರು ಮುಗಿಯುವಲ್ಲಿ ಒಂದು ಮೆಟ್ಟಿಲು. ಈಗ ನಾನು ಕೂರುವ ಗಾಲಿಕುರ್ಚಿಯನ್ನು ಅದರ ಬುಡದಲ್ಲಿ ನಿಲ್ಲಿಸಿಕೊಂಡು ಬಹಳ ಹೊತ್ತು ಆ ಮೆಟ್ಟಿಲನ್ನೇ ನೋಡಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬರೂ ಒಂದು ದಾರ ಹಿಡಿದು ಯಾರೊಬ್ಬರ ಬಳಿಗೂ ಬಂದಿರಲಿಲ್ಲ.

ಎಂಟು ದಿನಕ್ಕೆ ಕೋಲುಗಳು ಸಿದ್ಧವಾದವು; ಆಯಿ ನನ್ನನ್ನು ಮತ್ತೆ ಕಾಕಾನ ಕೊಟ್ಟಿಗೆಗೆ ಹೊತ್ತು ತಂದಳು. ಜಾಲಿ ಭಾರವೆಂದು, ಬೇವು ಸೀಳುತ್ತದೆಂದು ಬಿಟ್ಟು, ಗಟ್ಟಿ ಬಿದಿರನ್ನು ಆರಿಸಿದ್ದರು. ಕಂಕುಳಲ್ಲಿ ಇಡುವ ಅಡ್ಡಪಟ್ಟಿಗೆ ಆಯಿ ಉಣ್ಣೆ ಸುತ್ತಿ ಹೊಲಿದಳು. ತುದಿಗೆ ಮೊದಲು ಕಬ್ಬಿಣದ ಉಂಗುರ ತೊಡಿಸಿ, ಹಾಸುಗಲ್ಲಿನ ಮೇಲೆ ಅದು ಜಾರಿದ್ದನ್ನು ಕಂಡು ಕಿತ್ತೆಸೆದು, ಹಸಿ ತೊಗಲು ಬಿಗಿದು ಒಣಗಿಸಿದ್ದರು. ಇಬ್ಬರೂ ಹಿಡಿದು ನನ್ನನ್ನು ನಿಲ್ಲಿಸಿದರು.

ನನ್ನ ಹಿಮ್ಮಡಿ ನೆಲಕ್ಕೆ ತಾಗಲಿಲ್ಲ. ಆರು ಬೆರಳಿನಷ್ಟು ಎತ್ತರದಲ್ಲಿ ನಾನು ತೂಗಾಡುತ್ತಿದ್ದೆ.

ಊರಿಗೆಲ್ಲ ಗಾಲಿ ಮಾಡುವ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು ಅದು. ತೂಗಿದ ಗಾಲಿಯ ತೀರ ಕೆಳಗಿನ ಅಂಚು ಯಾವುದೋ ಅದೇ ನೆಲ ಮುಟ್ಟುವ ಅಂಚು. ತೂಗಿದ ನನ್ನ ಪಾದ ಜೋತುಬಿದ್ದು, ಹೆಬ್ಬೆರಳು ಎಲ್ಲಕ್ಕಿಂತ ಕೆಳಗಿತ್ತು. ಕಾಕಾ ಹೆಬ್ಬೆರಳಿನ ತುದಿಗೆ ಗಂಟು ಹಾಕಿದ್ದರು. ಮನುಷ್ಯರು ನಿಲ್ಲುವುದು ಹಿಮ್ಮಡಿಯ ಮೇಲೆ.

"ಏನ ತಮ್ಮಾ, ಕೋಲ ಮಾಡು ಅಂದ್ರ ಜೋಕಾಲಿ ಮಾಡಿಟ್ಟೀಯಲ್ಲ!" ಎಂದಳು ಆಯಿ.

ಕಾಕಾನ ಮುಖ ಕಪ್ಪಿಟ್ಟಿತು. "ತಪ್ಪಾತ್ರಿ. ಆರ ಬೆರಳ ಕೊಯ್ದರಾತು," ಎಂದು ಗರಗಸ ತರಲು ತಿರುಗಿದರು. ಅಷ್ಟರಲ್ಲಿ ನಾನು ಮುಂದಕ್ಕೆ ವಾಲಿದ್ದೆ. ಬೀಳುವ ಭಯಕ್ಕೆ ತೋಳನ್ನು ನೆಟ್ಟಗೆ ಒತ್ತಿದೆ. ಮೈ ಜೀಕಿ ಮೇಲಕ್ಕೆ ಹೋಯಿತು. ಕಣ್ಣು ಬಿಟ್ಟಾಗ ಎಡಗಾಲು ಕೊಟ್ಟಿಗೆಯ ಕಟ್ಟೆಯ ಮೇಲಿತ್ತು. ನಾನು ಕಟ್ಟೆಯ ಮೇಲೆ ನಿಂತಿದ್ದೆ. ಕೋಲುಗಳಿನ್ನೂ ಕೆಳಗೆ ಅಂಗಳದಲ್ಲಿ ಊರಿದ್ದವು.

ಕಟ್ಟೆಯ ಎತ್ತರ ಒಂದು ಗೇಣು. ಆರು ಬೆರಳು ಕೋಲಿನದು, ಉಳಿದದ್ದು ನನ್ನ ತೋಳಿನದು. ಸರಿಯಾದ ಅಳತೆಯ ಕೋಲಾಗಿದ್ದರೆ ಅಂದು ನಾನು ಆ ಕಟ್ಟೆ ಏರುತ್ತಿರಲಿಲ್ಲ.

"ಕೊಯ್ಯಬ್ಯಾಡ ಕಾಕಾ," ಎಂದೆ.

"ಕೊಯ್ಯಂಗಿಲ್ಲ," ಎಂದರು ಅವರು. "ನೆಲದ ಮ್ಯಾಗ ನಡಿಯೂದು ಆಮ್ಯಾಲ ನೋಡೋಣು. ಮೊದಲ ಹತ್ತು."

ಮರುದಿನ ಬೆಳಿಗ್ಗೆ ಶಾಲೆಯ ಬಾಗಿಲು ತೆರೆಯುವ ಮುನ್ನ ಅವರು ದಾರ ಹಿಡಿದು ಹೋಗಿ ಏಳೂ ಮೆಟ್ಟಿಲುಗಳನ್ನು ಅಳೆದು ಬಂದರು. ಬಂದವರು ಅಂಗಳದಲ್ಲಿ ಗಾಲಿಯ ಮರದ ತುಂಡುಗಳನ್ನು ಪೇರಿಸಿ ಅದೇ ಎತ್ತರದ ಮೆಟ್ಟಿಲು ಕಟ್ಟಿದರು. "ಆರ ಪಾವಟಿಗಿ ಗೇಣಿನವು. ನಾಕನೇದು ಕಳ್ಳ ಅದ. ನಾಕ ಬೆರಳ ಹೆಚ್ಚು," ಎಂದರು. ಕೆಳಗಿನ ಮೆಟ್ಟಿಲಲ್ಲಿ ಕೋಲು ಊರಿ ಜೀಕಿ ಮೇಲೇರುವುದು, ಎಡಮಂಡಿಯನ್ನು ಒತ್ತಿ ಹತ್ತು ಎಣಿಸುವುದರೊಳಗೆ ಕೋಲುಗಳನ್ನು ಒಂದೊಂದಾಗಿ ಮೇಲೆ ತಂದು ಅಗಲಿಸಿ ಇಡುವುದು. ಅಗಲಿಸಿದರೆ ಉದ್ದನೆಯ ಕೋಲೂ ಗಿಡ್ಡವಾಗುತ್ತದೆ. ಇಷ್ಟನ್ನು ಕಲಿಯಲು ಎಷ್ಟು ಸಲ ಬಿದ್ದೆನೆಂಬುದನ್ನು ಎಣಿಸಿದ್ದೆ. ಆಯಿಗೆ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಕಾಕಾ ಹಗ್ಗ ಹಿಡಿದು ನಿಂತಿರುತ್ತಿದ್ದರು, ಆದರೆ ಎಳೆಯುತ್ತಿರಲಿಲ್ಲ.

ನಾಲ್ಕನೆಯದು ಮಾತ್ರ ದಕ್ಕಲಿಲ್ಲ. ಕೋಲನ್ನು ಇನ್ನೂ ಉದ್ದ ಮಾಡಿದರೆ ಉಳಿದ ಆರೂ ಕೆಡುತ್ತಿದ್ದವು. ಕಾಕಾ ಒಂದು ದಿನವಿಡೀ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅದಕ್ಕೆ ದಾರಿ ಕಂಡವಳು ನಾನು. ಆ ಜ್ವರ ಬಂದಾಗಿನಿಂದ ನನಗೆ ಬರುತ್ತಿದ್ದ ನಡಿಗೆ ಒಂದಿತ್ತಲ್ಲ! ಕೋಲುಗಳನ್ನು ಮೇಲಿಟ್ಟೆ, ತಿರುಗಿ ಕುಳಿತೆ, ಅಂಗೈ ಊರಿ ಮೈಯನ್ನು ಹಿಂದಕ್ಕೆ ಎತ್ತಿಹಾಕಿದೆ. ಕಾಕಾ ಎದ್ದು ನಿಂತು, ತಮ್ಮ ರುಮಾಲನ್ನು ತೆಗೆದು ಮತ್ತೆ ಸುತ್ತಿಕೊಂಡರು. ಅವರು ತಲೆಯ ರುಮಾಲು ತೆಗೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಶ್ರಾವಣ ಮುಗಿಯಲು ಎರಡು ದಿನ ಇರುವಾಗ ಹೋದೆವು. ಸುದ್ದಿ ನಮಗಿಂತ ಮೊದಲೇ ಹೋಗಿತ್ತು. ಅರ್ಧ ಊರು ಅಲ್ಲಿತ್ತು. ಹೆಡ್‌ಮಾಸ್ತರರು ಹಾಜರಿ ಪುಸ್ತಕ ಹಿಡಿದು ಮೆಟ್ಟಿಲಿಳಿದು ಬಂದು ಕೆಳಗೆ ನಿಂತರು. ಆಯಿ ಮುಂದೆ ಬಂದು ನನ್ನ ಲಂಗ ಸರಿಮಾಡಹೋದಳು. "ಯಾರೂ ಮುಟ್ಟಬಾರದು," ಎಂದರು ಅವರು. ಆಯಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಒಂದು. ಎರಡು. ಮೂರು. ಪ್ರತಿ ಮೆಟ್ಟಿಲಿಗೂ ಹತ್ತರವರೆಗೆ ಎಣಿಸುತ್ತಿದ್ದೆ. ಎಂಟಕ್ಕೇ ಕೋಲು ಊರುತ್ತಿದ್ದೆ. ನಾಲ್ಕನೆಯದರ ಬುಡದಲ್ಲಿ ಕೋಲುಗಳನ್ನು ಮೇಲಿಟ್ಟು ತಿರುಗಿ ಕುಳಿತೆ.

"ನಿಲ್ಲಿಸಮ್ಮ! ಇದು ಹತ್ತೋದಲ್ಲ, ತೆವಳೋದು," ಎಂದರು ಹೆಡ್‌ಮಾಸ್ತರರು. ಹೇಳಿದ್ದು ಆಯಿಗೆ, ನನಗಲ್ಲ.

ಆಯಿ ಸೊಂಟಕ್ಕೆ ಕೈಯಿಟ್ಟಳು. "ತಾನಾಗಿ ಹತ್ತಲಿ ಅಂದ್ರಿ ನೀವು. ತಾನೇ ಹತ್ತಾಕತ್ಯಾಳ. ನಿಂತು ಹತ್ತು, ಕುಂತು ಹತ್ತು ಅಂತ ಹುಕುಂ ಆಗಿದ್ದಿಲ್ರಿ."

ಕಾಕಾ ಗಂಟು ಹಾಕಿದ ದಾರವನ್ನು ಎತ್ತಿ ಹಿಡಿದರು. "ಸಾಹೇಬ್ರ, ಆ ಪಾವಟಿಗಿ ನಾಕ ಬೆರಳ ಹೆಚ್ಚ ಅದ. ಎಲ್ಲಾ ಒಂದ ಮಾಪಿಗೆ ಇಡಸ್ರಿ, ಆಮ್ಯಾಲ ಕೂಸಿನ ತಪ್ಪ ಹಿಡೀರಿ. ಊರಿಗಿ ಬಂದ ದಿನ ನೀವೂ ಅದಕ್ಕೇ ಎಡವಿದ್ರಲ್ಲ?"

ಜನ ಗೊಳ್ಳೆಂದು ನಕ್ಕರು. ಹೆಡ್‌ಮಾಸ್ತರರು ನಾಲ್ಕನೆಯ ಮೆಟ್ಟಿಲನ್ನು ಆಗಷ್ಟೇ ಕಂಡವರಂತೆ ನೋಡಿದರು. ಅಷ್ಟರಲ್ಲಿ ನಾನು ಮೇಲಿದ್ದೆ. ಕೋಲು ಹಿಡಿದು ಎದ್ದೆ. ಐದು. ಆರನೆಯದರಲ್ಲಿ ಎಡಮಂಡಿ ಒಂಬತ್ತಕ್ಕೇ ನಡುಗಿತು, ತೋಳು ಹಿಡಿಯಿತು. ಏಳು.

ತಿರುಗಿದೆ.

ಕೆಳಗೆ ತಲೆಗಳಿದ್ದವು. ಮನುಷ್ಯರ ತಲೆಯ ಮೇಲ್ಭಾಗವನ್ನು ನಾನು ಕಂಡದ್ದು ಅದೇ ಮೊದಲು. ಆಯಿಯ ಸೆರಗು ಜಾರಿತ್ತು; ನಡುನೆತ್ತಿಯಲ್ಲಿ ಕೊಡ ಹೊತ್ತು ಹೊತ್ತು ಕೂದಲು ಸವೆದ ಬೋಳು ವೃತ್ತವೊಂದಿತ್ತು, ಅಷ್ಟು ವರ್ಷ ಅವಳ ಬೆನ್ನ ಮೇಲೇ ಇದ್ದರೂ ಸೆರಗಿನಡಿ ನನಗೆ ಕಾಣದಿದ್ದ ವೃತ್ತ. ಕಾಕಾನ ರುಮಾಲಿನ ಮಡಿಕೆಗಳಲ್ಲಿ ಮರದ ಹೊಟ್ಟು ತುಂಬಿತ್ತು. ಹೆಡ್‌ಮಾಸ್ತರರ ಕರಿಯ ಟೋಪಿಯ ನೆತ್ತಿ ಜಿಡ್ಡು ಹಿಡಿದು ಮಾಸಿತ್ತು; ಮುಂದಿನಿಂದ ಅಷ್ಟು ಅಚ್ಚುಕಟ್ಟಾಗಿದ್ದ ಟೋಪಿ. ಅದರಾಚೆಗೆ ಊರು, ಊರಿನಾಚೆ ಗುಡ್ಡ, ಅಲ್ಲಿ ಆ ಮನುಷ್ಯ ಇನ್ನೂ ಅಂಗಾತ ಮಲಗಿದ್ದ. ನಾನು ನಿಂತಿದ್ದೆ.

ಹೆಡ್‌ಮಾಸ್ತರರು ಪುಸ್ತಕ ತೆರೆದರು. ಅಭ್ಯಾಸಬಲದಿಂದ ಆಯಿಯ ಕಡೆಗೆ ತಿರುಗಿದವರು ಅಲ್ಲಿಗೇ ತಡೆದು, ನನ್ನತ್ತ ಹೊರಳಿದರು. ನನ್ನನ್ನು ನೋಡಲು ಅವರು ಕತ್ತು ಎತ್ತಬೇಕಾಯಿತು. ಬಿಸಿಲು ಕಣ್ಣಿಗೆ ಹೊಡೆದು, ಪುಸ್ತಕವನ್ನೇ ಹಣೆಗೆ ಮರೆ ಹಿಡಿದರು.

"ನಿನ್ನ ಹೆಸರೇನಮ್ಮ?"

ನಾನು ಹೇಳಿದೆ. ತಪ್ಪಾಗಿ ಬರೆದಾರೆಂದು ಎರಡು ಸಲ ಹೇಳಿದೆ.